ಬಾಡಿಗೆ ಮನೆಯ ಹೊಸ್ತಿಲು

ಕೇಟಿ, ಹೂಸ್ಟನ್
ಮಾರ್ಚ್ ೯, ಭಾನುವಾರ

ಪ್ರೀತಿಯ ಮಗಳು ಸಂಹಿತಾಗೆ,

ಹೇಗಿದ್ದೀಯಮ್ಮಾ? ಕೆಮ್ಮು ಕಡಿಮೆ ಆಯ್ತಾ? ರಾತ್ರಿ ಮಲಗೋ ಮುಂಚೆ ಕೈಬೆರಳೆಲ್ಲ ಇವೆಯಾ ಅಂತ ಎಣಿಸ್ಕೋತೀಯ ತಾನೆ? ಅಲಾಸ್ಕಾ ಚಳಿ ನಂಬೋ ಹಾಗಿಲ್ಲ. ನಿಮ್ಮಮ್ಮ ವಸಂತಾ ಇಲ್ಲಿ ಫ್ಯಾನ್ ಕೆಳಗೆ ಬೆವರ್ತಾ ಕೂತು ನಿನಗೆ ಸ್ವೆಟರ್ ಹೆಣೀತಿದ್ದಾಳೆ. ಅರ್ಧ ತೋಳು ಆಗಿದೆ. ಉಳಿದಿದ್ದು ನೀನು ರಿಟೈರ್ ಆಗೋದ್ರೊಳಗೆ ಮುಗೀಬಹುದು.

ನಿನ್ನ ಮಗ ಇಶಾನ್ ಅಂಬೆಗಾಲಲ್ಲಿ ಮನೆಯೆಲ್ಲ ಸುತ್ತುತಾನೆ. ಮಗು ಹೊಸ್ತಿಲು ದಾಟಿದ ದಿನ ಕಡುಬು ಮಾಡಿ ಹಂಚಬೇಕು ಅಂತ ನಿಮ್ಮಮ್ಮ ಅಕ್ಕಿಹಿಟ್ಟು ತರಿಸಿಟ್ಟಿದ್ದಾಳೆ. ಆದರೆ ಈ ಮನೇಲಿ ಬಾಗಿಲು ಬೇಕಾದಷ್ಟಿವೆ, ಹೊಸ್ತಿಲು ಅನ್ನೋ ಹಾಗಿರೋದು ಒಂದೂ ಇಲ್ಲ. ಅದಕ್ಕೆ ನಾನೇ ಮರದ ಪಟ್ಟಿ ತಂದು ಅಡುಗೆಮನೆ ಬಾಗಿಲಿಗೆ ಅಡ್ಡ ಮೊಳೆ ಹೊಡೆದೆ. ಅವಳು ಅರಿಶಿನ ಕುಂಕುಮ ಹಚ್ಚಿದಳು. ಅಳಿಯಂದಿರು ಕಾಫಿ ಲೋಟದ ಸಮೇತ ಎಡವಿ, "ಮಾವ, ಇದು ಬಾಡಿಗೆ ಮನೆ" ಅಂದ್ರು. "ಮನೆ ಬಾಡಿಗೇದು ತರುಣ್, ಹೊಸ್ತಿಲು ಸ್ವಂತದ್ದು" ಅಂದೆ.

ನೀನು ಬರೋವರೆಗೂ ದಾಟೋಕೆ ಬಿಡಲ್ಲ ಅಂತ ಮಾತು ಕೊಟ್ಟಿದ್ದೀನಲ್ಲ, ಕೂತಲ್ಲಿ ಕೂರೋಕಾಗ್ತಿಲ್ಲ ಪುಟ್ಟೀ. ಅವನು ಬಂದು ಪಟ್ಟಿ ಮೇಲೆ ಕೈ ಇಟ್ಟು ನನ್ನ ಮುಖ ನೋಡಿ ನಗ್ತಾನೆ, ನಾನು ಕಾಲು ಹಿಡಿದು ಹಿಂದಕ್ಕೆ ಎಳೀತೀನಿ. ಚೆಕ್‌ಪೋಸ್ಟ್ ಪೋಲೀಸ್ ಆಗಿದ್ದೀನಿ, ಸ್ನಾನಾನೂ ಅರ್ಧಂಬರ್ಧ.

ಮೊನ್ನೆ ಫೋನಲ್ಲಿ ನೀನು ಹೇಳಿದ್ದೂ ತಲೇಲಿ ತಿರುಗ್ತಾನೇ ಇದೆ. ಹೊಸ ರಸ್ತೆಗೆ ಜಲ್ಲಿ ಎಲ್ಲೆಲ್ಲಿ ಸಿಗುತ್ತೆ ಅಂತ ಗುರುತು ಮಾಡಿ ಆಯ್ತು, ಆ ಹೆಪ್ಪುಗಟ್ಟಿದ ನೆಲ ಕೊರೆದೂ ಆಯ್ತು, ಆದರೆ ಹೊಳೆ ಪಕ್ಕದ ಒಂದು ಕಡೆ ಮಣ್ಣಿನ ಬದಲು ಬರೀ ಮಂಜುಗಡ್ಡೆ ಬಂತು, ಅದು ಕರಗಿದ್ರೆ ಮೇಲಿನ ರಸ್ತೆ ಕುಸಿಯುತ್ತೆ ಅಂದೆ. ಆ ಗಡ್ಡೆ ಎಷ್ಟು ದೂರ ಹರಡಿದೆ ಅಂತ ಕೊರೆದು ನೋಡೋಕೆ ಇನ್ನೊಂದು ತಿಂಗಳು ಬೇಕಂತೆ. ನಿನ್ನ ಬಾಸು ಕೊರೆಯೋದು ಬೇಡ, ಅಂದಾಜಲ್ಲೇ ವರದಿ ಬರೆದು ಶನಿವಾರದ ವಿಮಾನ ಹತ್ತು ಅಂದ್ರಂತೆ. "ಬಂದ್ಬಿಡ್ತೀನಪ್ಪಾ, ಇಶಾನ್ ದಾಟೋದ್ರೊಳಗೆ" ಅಂದೆ. ದನಿ ಮಾತ್ರ ನಿಂದಾಗಿರ್ಲಿಲ್ಲ.

ನಾನು ಓದಿದ್ದು ಏಳನೇ ಕ್ಲಾಸು. ಮಂಜುಗಡ್ಡೆ ನೋಡಿದ್ದು ಕಬ್ಬಿನ ಹಾಲಿನ ಅಂಗಡೀಲಿ. ಆದರೆ ಲಾರಿ ಓಡಿಸಿದ್ದೀನಲ್ಲ. ರಸ್ತೆ ಕುಸಿದು ಚಕ್ರ ಹೂತಾಗಲೆಲ್ಲ ನಾವು ಡ್ರೈವರ್‌ಗಳು ಕೆಳಗಿಳಿದು, ಮೊದಲು ಬೀಡಿ ಹಚ್ಚಿ, ಆಮೇಲೆ ಆ ರಸ್ತೆ ಮಾಡಿಸಿದ ಇಂಜಿನಿಯರ್ ವಂಶಾನೆಲ್ಲ ಬೈತಿದ್ವಿ. ಈಗ ಆ ವಂಶ ನಮ್ಮದೇ ಆಗಿದೆ, ನೋಡ್ಕೋ.

ಕಾಲ್ಚೀಲ ಒದ್ದೆ ಇಟ್ಕೋಬೇಡ. ನಿಮ್ಮಮ್ಮನ ಆಶೀರ್ವಾದ ಜೊತೆಗೆ ಕಳಿಸ್ತಿರೋ ಚಟ್ನಿಪುಡಿ ಡಬ್ಬೀಲಿದೆ, ನಂದು ಈ ಕಾಗದದಲ್ಲಿದೆ.

ನಿನ್ನ ಅಪ್ಪ,
ದೊಡ್ಡಣ್ಣ

ತಾ.ಕ.: ಕಾಗದ ತಗೊಂಡು ಹೋಗೋಕೆ ನಿನ್ನ ಆಫೀಸಿನ ನಿಶಿತಾ ಬಂದು ಬಾಗಿಲಲ್ಲೇ ನಿಂತಿದ್ದಾಳೆ, ನಾಳೆ ನಿಮ್ಮ ಕ್ಯಾಂಪಿಗೆ ಹೊರಟಿದ್ದಾಳಲ್ಲ. ನಾನು ತಲೆ ಬಗ್ಗಿಸಿ ಇದನ್ನ ಬರೀತಿದ್ದಾಗ ಇಶಾನ್ ದಾಟೇಬಿಟ್ಟ! ಆ ಕಡೆ ಕೂತು ಚಪ್ಪಾಳೆ ಬೇರೆ ತಟ್ಟಿದ. ಎತ್ತಿ ಈ ಕಡೆ ಇಟ್ಟು ಸುಮ್ಮನಿದ್ದುಬಿಡೋಣ ಅಂದ್ಕೊಂಡೆ, ನಿಮ್ಮಮ್ಮ ನೋಡಿಬಿಟ್ಟಳು. ಇನ್ನು ಅದಕ್ಕೋಸ್ಕರ ಓಡಿ ಬರೋದು ಬೇಡ ಮಗಳೇ, ಹೊಳೆ ಪಕ್ಕ ಕೊರೆದು ನೋಡಿಯೇ ಬಾ. ಕಡುಬಿನ ಹಿಟ್ಟು ಹಾಗೇ ಇದೆ. ನೀನು ಆ ಪಟ್ಟಿ ದಾಟಿದ ದಿನ ಬೇಯಿಸ್ತಾಳಂತೆ.