ಹುಳಿ ಮೇವು ಮತ್ತು ಸೋಮವಾರದ ಪುಡಿ

ಶೆಡ್ಡಿನ ಪಕ್ಕದ ಕೋಣೆಯಿಂದ
ಬುಧವಾರ, ಹನ್ನೆರಡನೇ ತಾರೀಖು

ಪ್ರೀತಿಯ ಅಪ್ಪಾ,

ಇವತ್ತು ಬೆಳಿಗ್ಗೆ ಅಜ್ಜಿ ಗಂಬೂಟು ಕಳಚದೆ ಬಾತುಕೋಳಿಗಳ ಶೆಡ್ಡಿನಿಂದ ನೇರವಾಗಿ ಅಡುಗೆಮನೆಗೆ ಬಂದುಬಿಟ್ಟಳು. ಬೈಯಬೇಕೆಂದು ನೆಲ ನೋಡಿದೆ. ಒಂದು ಕಲೆಯೂ ಇರಲಿಲ್ಲ. ಬೂಟಿನ ಅಡಿಗೆ ಒಂದಿಷ್ಟು ಒಣ ಹೊಟ್ಟು ಅಂಟಿತ್ತು, ಅಷ್ಟೇ. ಇದನ್ನು ಯಾಕೆ ಬರೆಯುತ್ತಿದ್ದೇನೆಂದು ಆಮೇಲೆ ಹೇಳುತ್ತೇನೆ, ಮೊದಲು ನಿಮ್ಮ ವಿಷಯ. ಉಸಿರು ಹೇಗಿದೆ? ದೊಡ್ಡತ್ತೆಯ ಮನೆಯ ಮೆಟ್ಟಿಲು ಹತ್ತುವಾಗ ಈಗಲೂ ನಡುವೆ ನಿಲ್ಲುತ್ತೀರಾ? ಅಮ್ಮನನ್ನು ಕೇಳಿದರೆ ಫೋನಿನಲ್ಲಿ "ಪರವಾಗಿಲ್ಲ, ಪರವಾಗಿಲ್ಲ" ಎನ್ನುತ್ತಾಳೆ. ಒಂದೇ ಸಲ ಹೇಳಿದ್ದರೆ ನಂಬುತ್ತಿದ್ದೆ. ನಿಮ್ಮ ಜೊತೆ ಮಾತಾಡೋಣವೆಂದರೆ, ಫೋನು ಹಿಡಿದ ಕೂಡಲೇ ನನ್ನ ನಾಲಿಗೆ ಕಟ್ಟಿಹೋಗುವುದು ನಿಮಗೆ ಗೊತ್ತೇ ಇದೆ. ಅದಕ್ಕೇ ಈ ಕಾಗದ.

ಏಳು ವಾರದ ಹಿಂದೆ, ಆಸ್ಪತ್ರೆಗೆ ಹತ್ತಿರವೆಂದು ದೊಡ್ಡತ್ತೆಯ ಮನೆಗೆ ಹೊರಟಾಗ ನೀವು ನನಗೆ ಹೇಳಿದ್ದು ಎರಡೇ ಮಾತು: "ಇದೇ ಕೊನೇ ಬ್ಯಾಚು. ಇವು ಹೋದ್ಮೇಲೆ ಶೆಡ್ಡಿಗೆ ಬೀಗ." ಡಾಕ್ಟರು ಅಂದದ್ದನ್ನು ನಾನೂ ಕೇಳಿಸಿಕೊಂಡಿದ್ದೆ. ಬಾತುಗಳ ಹಿಕ್ಕೆಯಿಂದ ಏಳುವ ಘಾಟು ಇಪ್ಪತ್ತು ವರ್ಷ ನಿಮ್ಮ ಎದೆ ಸೇರಿದೆ, ಆ ಗಾಳಿಯಲ್ಲಿ ಇನ್ನು ನಿಲ್ಲಕೂಡದು. ನೀವು ತಲೆಯಾಡಿಸಿ ಕಾರು ಹತ್ತಿದಿರಿ. ದಿನಕ್ಕೆ ಹತ್ತು ಸಲ ಶೆಡ್ಡಿನ ಕಡೆ ಕಣ್ಣು ಹಾಯಿಸುವ ನೀವು ಅವತ್ತು ಒಮ್ಮೆಯೂ ಆ ಕಡೆ ನೋಡಲಿಲ್ಲ. ನಾನು ಅದನ್ನು ಗಮನಿಸಿದೆ.

ಈಗ ನನ್ನ ತಪ್ಪೊಪ್ಪಿಗೆ. ನೀವು ಹೋದ ಮೂರನೇ ದಿನ ಪಶುವೈದ್ಯೆ ಬಂದಿದ್ದರು. ಅವರು ಗೇಟು ದಾಟಿ ಸ್ಕೂಟರು ಹತ್ತುವವರೆಗೂ ಹಿಂದೆ ಹಿಂದೆಯೇ ನಡೆದು, ಕೊನೆಗೆ ಕೇಳಿಯೇಬಿಟ್ಟೆ: ಘಾಟು ಕಡಿಮೆ ಮಾಡಲು ದಾರಿಯಿಲ್ಲವೇ? ಅವರು ಒಂದು ಪೊಟ್ಟಣ, ಒಂದು ಪುಸ್ತಿಕೆ ಕೊಟ್ಟರು. ಪೊಟ್ಟಣದಲ್ಲಿ ಪ್ರೊಬಯಾಟಿಕ್, ಅಂದರೆ ಹೊಟ್ಟೆಗೆ ಒಳ್ಳೆಯದು ಮಾಡುವ ಸೂಕ್ಷ್ಮಜೀವಿಗಳು. ಮೊಸರಿನಲ್ಲಿರುತ್ತವಲ್ಲ, ಅವುಗಳ ನೆಂಟರು. ಜೋಳದ ನುಚ್ಚು, ತೌಡು, ಸೋಯಾ ಹಿಂಡಿಗೆ ಅದನ್ನು ನೀರಿನೊಂದಿಗೆ ಕಲಸಿ, ಡ್ರಮ್ಮಿನಲ್ಲಿ ಅದುಮಿ ಮುಚ್ಚಿಟ್ಟರೆ ಮೂರು ದಿನಕ್ಕೆ ಹುಳಿ ಬರುತ್ತದೆ. ತಿಂದದ್ದು ಚೆನ್ನಾಗಿ ಅರಗಿದರೆ ಹಿಕ್ಕೆಯ ಘಾಟು ತಗ್ಗುತ್ತದೆ. ಆ ಪುಸ್ತಿಕೆಯನ್ನು ನಾಲ್ಕು ಸಲ ಓದಿದೆ. ಪರೀಕ್ಷೆಗೆ ಮಹಾಕಾವ್ಯವನ್ನೂ ಅಷ್ಟು ಭಕ್ತಿಯಿಂದ ಓದಿರಲಿಲ್ಲ.

ಎಡಗಡೆಯ ಶೆಡ್ಡಿಗೆ ನಿಮ್ಮ ಕ್ರಮವನ್ನೇ ಉಳಿಸಿಕೊಂಡು, ಬಲಗಡೆಯದಕ್ಕೆ ಮಾತ್ರ ಹುಳಿ ಮೇವು ಹಾಕಿದೆ. ಮೊದಲ ಡ್ರಮ್ಮಿಗೆ ಬೂಸ್ಟು ಹಿಡಿಯಿತು, ಎಲ್ಲವನ್ನೂ ಗುಂಡಿಗೆ ಸುರಿದೆ. ಎರಡನೆಯದು ಸರಿಯಾಯಿತು. ಮುಚ್ಚಳ ತೆಗೆದಾಗ ಅಜ್ಜಿ ಸೆರಗಿನಿಂದ ಮೂಗು ಮುಚ್ಚಿಕೊಂಡು, "ಬಾಯಿಲ್ಲದ ಪ್ರಾಣಿ ಅಂತ ಹಳಸಿದ್ದು ತಿನ್ನಿಸ್ತೀಯೇನೇ?" ಎಂದಳು. ಬಾತುಗಳಿಗೆ ಅಂಥ ಸಂಶಯವೇನೂ ಇರಲಿಲ್ಲ. ಒಂದರ ಬೆನ್ನ ಮೇಲೊಂದು ಹತ್ತಿ ತಿಂದವು.

ಆದರೆ ಹದಿನೈದು ದಿನ ಕಳೆದರೂ ಎರಡೂ ಶೆಡ್ಡಿನಲ್ಲಿ ಅದೇ ಕೆಸರು, ಅದೇ ಕಣ್ಣುರಿ. ನನ್ನಿಂದಾಗದು ಎಂದುಕೊಂಡೆ, ಡ್ರಮ್ಮು ತೊಳೆದು ಬೋರಲು ಹಾಕಿಯೂ ಬಿಟ್ಟೆ. ಅವತ್ತು ಸೋಮವಾರ. ಬೆಳಿಗ್ಗೆ ಪಾತ್ರೆ ತೊಳೆಯುವಲ್ಲಿ ಒಂದು ಚಮಚ ಕಂಡಿತು, ಅಂಚಿನಲ್ಲಿ ಹಳದಿ ಪುಡಿ. ನೀವು ವಾರಕ್ಕೊಮ್ಮೆ ಬಾತುಗಳ ಕುಡಿಯುವ ನೀರಿಗೆ ಹಾಕುತ್ತಿದ್ದ, ರೋಗಾಣು ಕೊಲ್ಲುವ ಔಷಧಿ. ಆರೋಗ್ಯವಾಗಿರುವ ಬಾತುಗಳಿಗೆ ಅದು ಬೇಡ, ಒಳ್ಳೆಯ ಜೀವಿಗಳನ್ನೂ ಕೊಲ್ಲುತ್ತದೆ, ರೋಗ ಬಂದರೆ ನಾನೇ ಕೊಡುತ್ತೇನೆ ಎಂದು ವೈದ್ಯೆ ಹೇಳಿದ್ದರಿಂದ ಬಲಗಡೆಗೆ ನಿಲ್ಲಿಸಿದ್ದೆ, ಎಡಗಡೆಗೆ ಅವತ್ತು ಇನ್ನೂ ಹಾಕಿರಲಿಲ್ಲ. ಅಜ್ಜಿಗೆ ಹೇಳಿರಲಿಲ್ಲ. ಅಜ್ಜಿಯಾದರೋ, ನಾನು ಮರೆತಿದ್ದೇನೆಂದು ತಿಳಿದು, ಹೇಳಿದರೆ ಹುಡುಗಿ ಮುಖ ಸಣ್ಣಗೆ ಮಾಡಿಕೊಳ್ಳುತ್ತಾಳೆಂದು, ಪ್ರತಿ ಸೋಮವಾರ ನಾನು ಏಳುವ ಮೊದಲೇ ಬಲಗಡೆಯ ತೊಟ್ಟಿಗೆ ಪುಡಿ ಹಾಕಿ ಬರುತ್ತಿದ್ದಳು! ವಿಷಯ ಕೇಳಿ ವೈದ್ಯೆ ಹೊಟ್ಟೆ ಹಿಡಿದುಕೊಂಡು ನಕ್ಕರು: "ಒಬ್ಬರು ಬಿತ್ತೋದು, ಇನ್ನೊಬ್ಬರು ವಿಷ ಹೊಡೆಯೋದು. ಒಳ್ಳೇ ಜೋಡಿ ಕಣ್ರೀ!" ಅಜ್ಜಿ ನಗಲಿಲ್ಲ. "ನಿಮ್ಮಪ್ಪ ಹೇಳಿಹೋಗಿದ್ದು ನನಗೆ. ನೀನು ಬಾಯಿ ಬಿಟ್ಟಿದ್ರೆ ಮುತ್ತು ಉದುರ್ತಿತ್ತಾ?" ಎಂದು ಎರಡು ದಿನ ಮುಖ ಊದಿಸಿಕೊಂಡಿದ್ದಳು. ಮೂರನೇ ದಿನ ತಾನೇ ಡ್ರಮ್ಮು ಎತ್ತಿ ನಿಲ್ಲಿಸಿ, "ನೀರು ಎಷ್ಟು ಹಾಕ್ಬೇಕು, ಹೇಳು" ಎಂದಳು.

ಅಲ್ಲಿಂದ ಈಚೆಗೆ ಮೂರು ವಾರ. ಮೊದಲ ವಾರ ಏನೂ ತಿಳಿಯಲಿಲ್ಲ. ಎರಡನೇ ವಾರ ನಾನು ಬಲಗಡೆಯ ಶೆಡ್ಡಿನಲ್ಲಿ ಮೂಗಿಗೆ ಬಟ್ಟೆ ಕಟ್ಟಿಕೊಳ್ಳುವುದನ್ನು ಮರೆತೆ, ಮರೆತದ್ದು ಸಂಜೆ ನೆನಪಾಯಿತು. ಇವತ್ತು ಅಜ್ಜಿ ಹೋಗಿದ್ದು ಆ ಶೆಡ್ಡಿಗೆ ಮಾತ್ರ, ಅದಕ್ಕೇ ಬೂಟು ಅಷ್ಟು ಚೊಕ್ಕ. ಎಡಗಡೆಗೆ ಹೋಗಿದ್ದರೆ ಬಾಗಿಲಲ್ಲೇ ಎರಡು ಬಿಂದಿಗೆ ನೀರು ಬೇಕಾಗುತ್ತಿತ್ತು. ಉಬ್ಬಿಸಿ ಬರೆಯುತ್ತಿದ್ದೇನೆ ಅಂದುಕೊಳ್ಳಬೇಡಿ. ತೂಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ, ಬಲಗಡೆಯೂ ಎರಡು ಸತ್ತಿವೆ. ಆದರೆ ನಿನ್ನೆ ವೈದ್ಯೆ ಘಾಟು ಅಳೆಯುವ ಯಂತ್ರ ತಂದಿದ್ದರು. ಎಡಕ್ಕೆ ಇಪ್ಪತ್ತೆರಡು, ಬಲಕ್ಕೆ ಒಂಬತ್ತು. ಎರಡನ್ನೂ ಅವರ ಕೈಯಲ್ಲೇ ಬರೆಸಿ ಈ ಕಾಗದದ ಜೊತೆ ಇಟ್ಟಿದ್ದೇನೆ. ನಿಮ್ಮ ಡಾಕ್ಟರಿಗೆ ತೋರಿಸಿ. ಅವರು ಬೇಡ ಎಂದರೆ ಬೇಡ. ಬಾಗಿಲಾಚೆ ಕುರ್ಚಿ ಹಾಕಿಕೊಂಡು ಕೂರಬಹುದು ಎಂದರೂ ನನಗೆ ಸಾಕು. ಯಾವ ಬಾತು ಮಂಕಾಗಿದೆ ಎಂದು ದೂರದಿಂದಲೇ ಹೇಳುವ ಕಣ್ಣು ಈ ಮನೆಯಲ್ಲಿ ನಿಮ್ಮೊಬ್ಬರಿಗೇ ಇರುವುದು.

ಅಮ್ಮನಿಗೆ ನನ್ನ ನೆನಪು ಹೇಳಿ, ದೊಡ್ಡತ್ತೆಗೆ ನಮಸ್ಕಾರ. ಮಾತ್ರೆ ನುಂಗಿದೆ ಎಂದು ಸುಳ್ಳು ಹೇಳಬಾರದೆಂದು ಅಜ್ಜಿ ಆಶೀರ್ವಾದದ ಜೊತೆಗೇ ಹೇಳಿ ಕಳಿಸಿದ್ದಾಳೆ.

ನಿಮ್ಮ
ಮೂಗಿ

ಮರೆತಿದ್ದೆ: ಮರಿ ಕೊಡುವವರಿಗೆ ಫೋನು ಮಾಡಿ "ಇನ್ನು ಬೇಡ" ಅಂದುಬಿಡು ಎಂದು ಅಮ್ಮನ ಕೈಲಿ ಹೇಳಿಸಿದ್ದಿರಿ. ನಿನ್ನೆ ಸಂಜೆ ನಾನೇ ಮಾಡಿದೆ. ಆ ಕಡೆಯವರು ಎಷ್ಟು ಮರಿ ಎಂದು ಕೇಳಿದರು. ಎರಡು ಶೆಡ್ಡಿಗೂ ಆಗುವಷ್ಟು ಅಂದೆ. ಸಾಕುವುದು ನಾನು.