ಸೋರುವ ಪೈಪಿಗೆ ಜಡಿದ ಬಿರಡೆ

ಸುಮುಖ,

ಅತ್ತೆಯನ್ನು ಕರೆದುಕೊಂಡು ಸ್ಯಾನ್ ಡಿಯಾಗೋಗೆ, ನಿನ್ನ ತಂಗಿ ನಿಹಾರಿಕಾಳ ಮನೆಗೆ ಹೊರಟಿದ್ದೇನೆ. ನೀನು ಏಳುವವರೆಗೆ ಕಾಯುವ ತಾಳ್ಮೆ ನನಗಿಲ್ಲ.

ಗ್ಯಾರೇಜಿನ ಬಾಯ್ಲರ್ ಆಫ್ ಮಾಡಿದ್ದೇನೆ, ಮುಟ್ಟಬೇಡ. ವಾಲ್ವ್ ಬದಲಾಯಿಸಲು ಪ್ಲಂಬರ್ ಬರುತ್ತಾನೆ. ಅವನಿಗೆ ನಿಜ ಹೇಳು. ಒತ್ತಡ ಹೆಚ್ಚಾದಾಗ ನೀರು ಹೊರಗೆ ಹೋಗಲೆಂದೇ ಇರುವ ಪೈಪಿಗೆ, ಸೋರುತ್ತದೆ ಎಂದು ನೀನೇ ಬಿರಡೆ ಜಡಿದೆ. "ಇಂಜಿನಿಯರ್ ಮನೇಲಿ ಪ್ಲಂಬರ್ ಯಾಕೆ?" ಎಂದು ನಗುತ್ತಿದ್ದೆಯಲ್ಲ, ಬೇಕಾದರೆ ಅದನ್ನೂ ಹೇಳು.

ಬಾಯ್ಲರ್ ಪಕ್ಕದ ಡ್ರೈಯರಿನಿಂದ ಬಟ್ಟೆ ತೆಗೆಯಲು ಹೋದ ಅತ್ತೆಯ ಕಾಲ ಮೇಲೆ, ಆ ಬಿರಡೆ ಕಿತ್ತು ಕುದಿನೀರು ಬಿತ್ತು. ನಿನ್ನೆ ನಾನು ಬರ್ಬ್ಯಾಂಕಿನ ಆಫೀಸಿನಲ್ಲಿ ಕೆಲಸ ಮುಗಿಸಿ ಬಂದಾಗ, ಅವರು ಬಾತ್‌ಟಬ್ಬಿನ ಅಂಚಿನಲ್ಲಿ ಕೂತು, ಬೊಬ್ಬೆ ಎದ್ದ ಪಾದಕ್ಕೆ ತಣ್ಣೀರು ಬಿಟ್ಟುಕೊಳ್ಳುತ್ತಿದ್ದರು. ನೀನು ಪಕ್ಕದ ರೂಮಿನಲ್ಲೇ ಇದ್ದೆ.

"ಅವನನ್ನ ಕೂಗಬಾರದಿತ್ತಾ ಅತ್ತೆ?" ಎಂದೆ.

"ಮೀಟಿಂಗ್‌ನಲ್ಲಿದ್ದ ಕಣೇ. ಹೋದ್ಸಲ ಬಾಗಿಲು ತಟ್ಟಿದ್ದಕ್ಕೆ ಎಷ್ಟು ರೇಗಿದ್ದ!"

ಆಮೇಲೆ ಹೊರಗೆ ಬಂದ ನೀನು ಮೊದಲು ಕೇಳಿದ್ದು, "ಬಾಯ್ಲರ್ ಹತ್ರ ಯಾಕಮ್ಮ ಹೋದೆ?"

ಡಾಕ್ಟರು ಹಾಕಿದ ಬ್ಯಾಂಡೇಜನ್ನು ಅಲ್ಲಿ ನಿಹಾರಿಕಾ ಬದಲಾಯಿಸುತ್ತಾಳೆ.

ಫ್ರಿಜ್‌ನಲ್ಲಿ ಸಾರಿದೆ, ಅನ್ನ ಮಾಡಿಕೋ. ಗ್ಯಾರೇಜಿನ ನೆಲ ಇನ್ನೂ ಒದ್ದೆಯಿದೆ, ಜಾರಿ ಬಿದ್ದೀಯೆ.

ಕ್ಷಮೆ ಕೇಳಲು ಇವತ್ತೇ ಓಡಿ ಬರಬೇಡ. ನೀನು ಬಾಯಿ ತೆರೆಯುವ ಮೊದಲೇ ಅತ್ತೆ ಕ್ಷಮಿಸಿಬಿಟ್ಟು, "ಊಟ ಆಯ್ತಾ?" ಎಂದು ಕೇಳುತ್ತಾರೆ. ಅದನ್ನು ನೋಡುವ ಶಕ್ತಿ ಸದ್ಯಕ್ಕೆ ನನಗಿಲ್ಲ.

ಊರ್ಮಿಳಾ