ಬೆನ್ನು ಮಾತ್ರ ಕಂಡ ಸಿನಿಮಾ

ಕಿರಂಗೂರು
ಭಾನುವಾರ, 16 ನವೆಂಬರ್ 2025

ನನ್ನವ್ವ ಅರ್ಪಿತಾ,

ಆರೋಗ್ಯ ಹೇಗಿದೆ? ಒಂಬತ್ತು ತುಂಬುತ್ತಾ ಬಂತು, ಕಾಲಿನ ಊತ ಇಳಿಯಿತೇ? ನಿನ್ನತ್ತೆ ಗೌರಮ್ಮ ಮೆತ್ತನೆಯ ಹಳೇ ಸೀರೆಗಳನ್ನೆಲ್ಲ ಒಗೆದು ಕೂಸಿಗೆಂದು ಮಡಚಿಟ್ಟಿದ್ದಾಳೆ. ನಮ್ಮ ಮನೆಯ ಯಾರ ಫೋನನ್ನೂ ನೀನು ಎತ್ತುವುದಿಲ್ಲ, ಹೆರಿಗೆಯಾದ ಮೇಲೂ ಈ ಕಡೆ ತಲೆ ಹಾಕುವುದಿಲ್ಲ ಎಂದೆಯಂತೆ. ಅದಕ್ಕೇ ನಿನ್ನ ಮಾವ ಈ ವಯಸ್ಸಿನಲ್ಲಿ ಪೆನ್ನು ಹಿಡಿದಿದ್ದಾನೆ. ಅಕ್ಷರ ಸೊಟ್ಟಗಿದ್ದರೆ ನಗಬೇಡ. ನಕ್ಕರೂ ಸರಿಯೇ ಬಿಡು, ನಿನ್ನ ನಗು ಕೇಳಿ ನಾಲ್ಕು ತಿಂಗಳಾಯಿತು.

ಸಿದ್ದರಾಮು ಪಾರ್ಟು ಮಾಡಿದ ಸಿನಿಮಾ ಶುಕ್ರವಾರ ಬಂತು. ಆ ಹೆಸರುವಾಸಿ ಗಾಯಕನೇ ಹೀರೋ ಆಗಿ ಹಾಡಿ, ಕುಣಿದು, ನಗಿಸುವ ಸಿನಿಮಾ. ನಿನ್ನ ಗಂಡ ಆರ್ಕೆಸ್ಟ್ರಾದಲ್ಲಿ ಇಷ್ಟು ವರ್ಷ ಅವನ ಹಾಡುಗಳನ್ನೇ ಹಾಡಿಕೊಂಡು ಬಂದವನು. ನಮ್ಮವನಿಗೆ ಹೀರೋನ ಗೆಳೆಯನ ಪಾರ್ಟು ಎಂದಾಗ ಮನೆಯಲ್ಲಿ ಎಲ್ಲರಿಗೂ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಪಾಂಡವಪುರದಲ್ಲಿ ಕೊನೆಯ ಹಾಡು ತೆಗೆದ ದಿನವೇ ಇಲ್ಲಿ ನಿನಗೆ ಬಳೆ ತೊಡಿಸುವ ಶಾಸ್ತ್ರ. ಹಸೆಮಣೆಯ ಮೇಲೆ ಕೂತು ನೀನು ಬಾಗಿಲು ನೋಡಿದ್ದೇ ನೋಡಿದ್ದು. ಅವನು ಬರುವಷ್ಟರಲ್ಲಿ ನೀನು ನಿನ್ನಪ್ಪನ ಜೊತೆ ನಾಗಮಂಗಲದ ತವರಿಗೆ ಹೊರಟು ಹೋಗಿದ್ದೆ. ನಿನ್ನ ಸಿಟ್ಟು ನ್ಯಾಯವಾದದ್ದೇ.

ಶುಕ್ರವಾರದ ಕಥೆ ಕೇಳು. ಊರ ಹೈಕಳು ಪಾಂಡವಪುರದ ಟಾಕೀಸಿನ ಮುಂದೆ ಫ್ಲೆಕ್ಸು ಕಟ್ಟಿದ್ದರು. ಅದರಲ್ಲಿ ಹೀರೋಗಿಂತ ನಮ್ಮವನ ಮುಖವೇ ದೊಡ್ಡದು. ಡೈರಿಗೆ ಹಾಕಬೇಕಾದ ಹಾಲು ತಂದು ಅದರ ಮೇಲೆ ಸುರಿದರು. ತಮಟೆ, ಪಟಾಕಿ ಎಲ್ಲಾ ಆಯಿತು. ಸಿನಿಮಾ ಮಾತ್ರ ಒಬ್ಬರೂ ನೋಡಿರಲಿಲ್ಲ ಕಣವ್ವ! ಒಳಗೆ ಹೋಗಿ ಕೂತರೆ, ಗೆಳೆಯನ ಮುಖ ಕಾಣುವ ಸೀನೆಲ್ಲ ಕತ್ತರಿಸಿ ಹಾಕಿದ್ದಾರೆ. ಉಳಿದದ್ದು ಆ ಕೊನೆಯ ಹಾಡೊಂದೇ. ಅದರಲ್ಲಿ ಹೀರೋ ಸೈಕಲ್ಲು ಹೊಡೆಯಬೇಕು, ಆ ಗಾಯಕನಿಗೆ ಅದು ಬರುವುದಿಲ್ಲವಂತೆ. ಮುಖ ತೋರಿಸುವಾಗ ಅವನು. ಸೈಕಲ್ಲು ಓಡುವಾಗ ಅವನ ಅಂಗಿ, ಅವನ ಟೋಪಿ ಹಾಕಿಕೊಂಡ ನಮ್ಮ ಸಿದ್ದರಾಮು. ಹಾಡು ಮುಗಿಯುವ ತನಕ ಬೆನ್ನು, ಬರೀ ಬೆನ್ನು. ಕೊನೆಗೆ ಸೈಕಲ್ಲು ಸಮೇತ ಕೆಸರುಗದ್ದೆಗೆ ಬಿದ್ದಾಗ ಇಡೀ ಟಾಕೀಸು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಗೌರಮ್ಮ ಎದ್ದು ನಿಂತು, “ಅಯ್ಯೋ, ನನ್ ಮಗ ಕಣ್ರೋ ಬಿದ್ದಿರಾದು, ಸುಮ್ಕಿರ್ರೋ!” ಎಂದು ಕೂಗಿದಳು. ಅದಕ್ಕೆ ಇನ್ನೂ ನಕ್ಕರು.

ಸಿದ್ದರಾಮುವೇ ಫ್ಲೆಕ್ಸು ಬಿಚ್ಚಿಕೊಂಡು ಬಂದು ಹುಲ್ಲಿನ ಮೆದೆಗೆ ಹೊದಿಸಿದ. ಯಾರಾದರೂ “ಏನ್ಲಾ ಬೆನ್ನು ಹೀರೋ” ಎಂದರೆ ಅವರ ಜೊತೆ ಸೇರಿ ತಾನೂ ನಗುತ್ತಾನೆ. ಆದರೆ ನೀನು ಹೋದಾಗಿನಿಂದ ಅವನ ಬಾಯಲ್ಲಿ ಒಂದು ಹಾಡಿಲ್ಲ. ಹಾಲು ಕರೆಯುವಾಗಲೂ ಗುನುಗುತ್ತಿದ್ದವನು.

ನಿನ್ನ ಅಪ್ಪ ಅಮ್ಮನಿಗೆ ನನ್ನ ನಮಸ್ಕಾರ ಹೇಳು. ತಾಯಿ ಮಗು ಇಬ್ಬರೂ ಗಟ್ಟಿಯಾಗಿರಿ ಎಂದು ಹರಸುವ,

ನಿನ್ನ ಮಾವ
ಚಲುವಯ್ಯ

ಮರೆತ ಮಾತು: ಮರೆತದ್ದಲ್ಲ, ಇಷ್ಟು ಹೊತ್ತು ಧೈರ್ಯ ಬರಲಿಲ್ಲ. ನಿನಗೆ ಬಳೆ ತೊಡಿಸಿದ ದಿನ ಬೆಳಿಗ್ಗೆ ಸಿದ್ದರಾಮು ಶೂಟಿಂಗಿಗೆ ಹೋಗುವುದಿಲ್ಲ ಎಂದು ಕೂತಿದ್ದ. “ಬಳೆ ಶಾಸ್ತ್ರ ಎಂಗುಸ್ರುದು ಕಣ್ಲಾ, ನೀನಿದ್ದು ಏನ್ ಮಾಡೀಯೆ? ಓಗು, ಅವ್ಳಿಗೆ ನಾನ್ ಯೋಳ್ತೀನಿ” ಎಂದು ಬಸ್ಸು ಹತ್ತಿಸಿದವನು ನಾನು. ನೀನು ಅಳುತ್ತಿದ್ದಾಗ ನಾನು ಬಾಯಿ ಬಿಡಲಿಲ್ಲ. ಅವನೂ ಇವತ್ತಿನವರೆಗೆ ನನ್ನ ಹೆಸರು ಹೇಳಿಲ್ಲ. ಗುರುವಾರ ನಾಗಮಂಗಲಕ್ಕೆ ಬರುತ್ತೇನೆ. ಬಾಗಿಲಲ್ಲೇ ನಿಲ್ಲಿಸಿ ನನಗೆ ಬೈದುಬಿಡು. ಆಮೇಲೆ ಒಂದೇ ಒಂದು ಸಲ ಅವನ ಫೋನು ಎತ್ತು.